ಮಗಳ ವೀಸಾ ಅರ್ಜಿ ಬಾಕಿ ಇದೆ, ಅಣ್ಣನ ಮದುವೆ ಫೆಬ್ರುವರಿ 8ಕ್ಕೆ. ಊರಿಗೆ ಬಂದು ಹೋಗಬಹುದಾ?

ಗಂಗಾವತಿ ಅಕ್ಕಿ ಅಂಗಡಿ · ಜನವರಿ 11

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ. ಮಗಳು ಇಂಗ್ಲೆಂಡಿನ ಶೆಫೀಲ್ಡ್‌ಗೆ ಎಂ.ಎಸ್ಸಿ. ಓದಲು ಹೋಗಿದ್ದಾಳೆ. ಕೋರ್ಸ್ ಕಳೆದ ಸೆಪ್ಟೆಂಬರ್ 26ಕ್ಕೆ ಮುಗಿಯಿತು. ಸ್ಟೂಡೆಂಟ್ ವೀಸಾ ಈ ಜನವರಿ 26ರವರೆಗೆ ಇದೆ. ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಇದ್ದು ಕೆಲಸ ಮಾಡಲು ಕೊಡುವ ಗ್ರಾಜುಯೇಟ್ ವೀಸಾಕ್ಕೆ ಡಿಸೆಂಬರ್ 19ರಂದು ಅರ್ಜಿ ಹಾಕಿದ್ದಾಳೆ. ಇನ್ನೂ ಉತ್ತರ ಬಂದಿಲ್ಲ.

ಇತ್ತ ಮಗನ ಮದುವೆ ಫೆಬ್ರುವರಿ 8ಕ್ಕೆ. ಹುಡುಗಿ ಕಡೆಯವರು ಕಾರಟಗಿಯವರು. ಕಲ್ಯಾಣ ಮಂಟಪ ಹಿಡಿದಾಗಿದೆ, ಕಾರ್ಡ್ ಹಂಚುತ್ತಿದ್ದೇವೆ. ಮಗಳು ಬರಲೇಬೇಕು ಅಂತ ಮನೆಯಲ್ಲಿ ಎಲ್ಲರ ಆಸೆ. ಇರುವವಳು ಒಬ್ಬಳೇ ತಂಗಿ.

ನನಗೆ ಎರಡು ವಿಷಯ ತಿಳಿಯಬೇಕು. ಜನವರಿ 26 ದಾಟಿಯೂ ಉತ್ತರ ಬರದಿದ್ದರೆ ಅವಳು ಅಲ್ಲಿರುವುದು ತಪ್ಪಾಗುತ್ತದಾ? ಇನ್ನೊಂದು, ಮದುವೆಗೆ ಒಂದು ವಾರದ ಮಟ್ಟಿಗೆ ಬಂದು ಹೋಗಬಹುದಾ? ಅವಳನ್ನು ಕಳಿಸಿದ ಏಜೆಂಟರನ್ನು ಕೇಳಿದೆ. "ಏನೂ ಆಗಲ್ಲ, ಬರಲಿ ಬಿಡಿ" ಅಂದರು. ಆದರೆ ಮಗಳು ಹೆದರುತ್ತಿದ್ದಾಳೆ. ನಮ್ಮ ಮನೆಯವರಂತೂ ರಾತ್ರಿ ಎದ್ದು ಕೂರುತ್ತಾರೆ. "ವೀಸಾ ಮುಗಿದ ಮೇಲೆ ನನ್ನ ಮಗಳು ಅಲ್ಲಿ ಕದ್ದು ಇರಬೇಕಾ?" ಅಂತ ಕೇಳುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

ಲೀಡ್ಸ್‌ನಲ್ಲಿರುವ ಲಿಂಗಸುಗೂರಿನವಳು · ಜನವರಿ 11

ಕಾಕಾ, ಮೊದಲು ಕಾಕಿಗೆ ಹೇಳಿ, ನಿಮ್ಮ ಮಗಳು ಕದ್ದು ಇರುವುದಿಲ್ಲ. ಕಾನೂನು ಪ್ರಕಾರವೇ ಇರುತ್ತಾಳೆ. ನಾನೂ ಎರಡು ವರ್ಷದ ಹಿಂದೆ ಇದೇ ಪರಿಸ್ಥಿತಿಯಲ್ಲಿದ್ದೆ.

ಇಲ್ಲಿ 1971ರ ಇಮಿಗ್ರೇಷನ್ ಆಕ್ಟ್‌ನಲ್ಲಿ ಸೆಕ್ಷನ್ 3ಸಿ ಅಂತ ಇದೆ. ಹಳೆಯ ವೀಸಾ ಮುಗಿಯುವ ಮೊದಲೇ ಹೊಸದಕ್ಕೆ ಸರಿಯಾಗಿ ಅರ್ಜಿ ಹಾಕಿದ್ದರೆ, ಉತ್ತರ ಬರುವವರೆಗೆ ಹಳೆಯ ಅನುಮತಿ ತಾನಾಗಿಯೇ ಮುಂದುವರಿಯುತ್ತದೆ. ಅದಕ್ಕೆ ಬೇರೆ ಅರ್ಜಿ ಬೇಡ, ಫೀಸು ಬೇಡ. ನಿಮ್ಮ ಮಗಳು ಹಾಕಿದ್ದು ಡಿಸೆಂಬರ್ 19ಕ್ಕೆ, ವೀಸಾ ಇರುವುದು ಜನವರಿ 26ರವರೆಗೆ. ಅಂದರೆ ಸರಿಯಾದ ಸಮಯಕ್ಕೇ ಹಾಕಿದ್ದಾಳೆ.

ಷರತ್ತುಗಳೂ ಹಳೆಯವೇ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ವ್ಯಾಪಾರ ಮಾಡುವಂತಿಲ್ಲ, ಈಗಲೂ ಮಾಡುವಂತಿಲ್ಲ. ಅಕಸ್ಮಾತ್ ಅರ್ಜಿ ತಿರಸ್ಕಾರ ಆದರೆ 14 ದಿನದೊಳಗೆ ಅಡ್ಮಿನಿಸ್ಟ್ರೇಟಿವ್ ರಿವ್ಯೂ, ಅಂದರೆ ಆ ತೀರ್ಮಾನದ ಮರುಪರಿಶೀಲನೆ ಕೇಳಬಹುದು. ಆ ಅವಧಿಗೂ 3ಸಿ ರಕ್ಷಣೆ ಇರುತ್ತದೆ.

ಎರಡನೇ ಪ್ರಶ್ನೆಗೆ ಉತ್ತರ ಹೇಳಲು ನನಗೆ ಬೇಜಾರಾಗುತ್ತದೆ. ಬರುವಂತಿಲ್ಲ ಕಾಕಾ. ಉತ್ತರ ಬರುವ ಮೊದಲು ಬ್ರಿಟನ್, ಐರ್ಲೆಂಡ್, ಚಾನೆಲ್ ದ್ವೀಪಗಳು ಮತ್ತು ಐಲ್ ಆಫ್ ಮ್ಯಾನ್ ಬಿಟ್ಟು ಹೊರಗೆ ಹೋದರೆ ಅರ್ಜಿಯನ್ನು ಅವಳೇ ವಾಪಸ್ ತೆಗೆದುಕೊಂಡ ಹಾಗೆ ಲೆಕ್ಕ. ಗ್ರಾಜುಯೇಟ್ ವೀಸಾಕ್ಕೆ ಈ ದೇಶದ ಒಳಗಿದ್ದೇ ಅರ್ಜಿ ಹಾಕಬೇಕು. ಗಂಗಾವತಿಯಲ್ಲಿ ಕೂತು ಹಾಕಲು ಬರುವುದಿಲ್ಲ. ಒಂದು ವಾರದ ಮದುವೆಗೆ ಬಂದರೆ ಎರಡು ವರ್ಷ ಕೈಬಿಟ್ಟು ಹೋಗುತ್ತದೆ.

ನಿಮ್ಮ ಏಜೆಂಟರು ಯಾರೋ ಗೊತ್ತಿಲ್ಲ. ಆದರೆ ಅವರ ಮಾತು ನಂಬಿ ಟಿಕೆಟ್ ಮಾಡಬೇಡಿ.

ಕುಷ್ಟಗಿ ಮಾವ · ಜನವರಿ 12

ಇಷ್ಟೊಂದು ಹೆದರುವುದು ಯಾಕೆ? ಹೋಗುವಾಗ ಏರ್‌ಪೋರ್ಟಿನಲ್ಲಿ ಯಾರೂ ಹಿಡಿದು ನಿಲ್ಲಿಸಲ್ಲ. ಒಂದು ವಾರದಲ್ಲಿ ವಾಪಸ್ ಹೋದರೆ ಆಯಿತು. ಅಣ್ಣನ ಮದುವೆ ಜೀವನದಲ್ಲಿ ಒಂದೇ ಸಲ.

ಲೀಡ್ಸ್‌ನಲ್ಲಿರುವ ಲಿಂಗಸುಗೂರಿನವಳು · ಜನವರಿ 12

ಮಾವಾರೇ, ಹೋಗುವಾಗ ಯಾರೂ ನಿಲ್ಲಿಸುವುದಿಲ್ಲ ಎನ್ನುವುದು ನಿಜ. ತೊಂದರೆ ಇರುವುದು ವಾಪಸ್ ಬರುವಾಗ. ಫೆಬ್ರುವರಿ 8ಕ್ಕೆ ಅವಳ ಸ್ಟೂಡೆಂಟ್ ವೀಸಾ ಮುಗಿದು ಎರಡು ವಾರ ಆಗಿರುತ್ತದೆ. ಹೊಸ ಅರ್ಜಿಯೂ ರದ್ದಾಗಿರುತ್ತದೆ. ವಾಪಸ್ ವಿಮಾನ ಹತ್ತಲು ಏನು ತೋರಿಸುತ್ತಾಳೆ? ಈಗ ಕೈಯಲ್ಲಿ ಕಾರ್ಡ್ ಕೂಡ ಇಲ್ಲ, ಎಲ್ಲ ಆನ್‌ಲೈನಿನಲ್ಲೇ ಇರುವ ಈ-ವೀಸಾ. ವಿಮಾನ ಕಂಪನಿಯವರ ಕಂಪ್ಯೂಟರಿನಲ್ಲೇ ಗೊತ್ತಾಗುತ್ತದೆ.

ಕೌಲ್‌ಬಜಾರ್ ಹುಡುಗ · ಜನವರಿ 12

ನಾನು ಬಳ್ಳಾರಿಯವನು, ಇರುವುದು ಮೆಲ್ಬರ್ನ್. ಆಸ್ಟ್ರೇಲಿಯಾದ ಪದ್ಧತಿ ಸ್ವಲ್ಪ ಬೇರೆ. ಅಲ್ಲಿರುವ ಮಕ್ಕಳ ತಂದೆ ತಾಯಂದಿರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಇಲ್ಲಿ ಬ್ರಿಡ್ಜಿಂಗ್ ವೀಸಾ ಅಂತ ಕೊಡುತ್ತಾರೆ. ವೀಸಾ ಇರುವಾಗಲೇ ದೇಶದೊಳಗಿದ್ದು ಇನ್ನೊಂದಕ್ಕೆ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಬ್ರಿಡ್ಜಿಂಗ್ ವೀಸಾ ಎ ಸಿಗುತ್ತದೆ. ಹಳೆಯದು ಮುಗಿದ ದಿನ ಅದು ಜಾರಿಗೆ ಬರುತ್ತದೆ, ಉತ್ತರ ಬರುವವರೆಗೆ ನಡೆಯುತ್ತದೆ. ಆದರೆ ಎ ಇಟ್ಟುಕೊಂಡು ದೇಶ ಬಿಟ್ಟರೆ ಅದು ಅಲ್ಲಿಗೇ ಮುಗಿಯಿತು, ಅದರ ಮೇಲೆ ವಾಪಸ್ ಬರಲು ಆಗಲ್ಲ. ಹೋಗಿ ಬರಬೇಕಾದರೆ ಬ್ರಿಡ್ಜಿಂಗ್ ವೀಸಾ ಬಿ ಬೇಕು. ಅದಕ್ಕೆ ಬೇರೆ ಅರ್ಜಿ, ಬೇರೆ ಫೀಸು, ಕಾರಣವನ್ನೂ ಹೇಳಬೇಕು. ವಿಮಾನ ಹತ್ತುವ ಮೊದಲೇ ಅದು ಕೈಗೆ ಬಂದಿರಬೇಕು. ಅವರು ಬರೆದ ತಾರೀಖಿನೊಳಗೆ ವಾಪಸ್ ಬರಬೇಕು.

ನನಗೆ ಇದು ಗೊತ್ತಾಗಿದ್ದು ನಮ್ಮ ಅಜ್ಜಿ ತೀರಿಕೊಂಡಾಗ. ರಾತ್ರಿ ಫೋನ್ ಬಂತು. ಬಟ್ಟೆ ತುಂಬಿಕೊಂಡು ಏರ್‌ಪೋರ್ಟಿಗೆ ಹೊರಟೇಬಿಟ್ಟಿದ್ದೆ. ರೂಮ್‌ಮೇಟ್ ತಡೆದ. "ನಿನ್ನದು ಎ ಕಣೋ, ಹೋದರೆ ವಾಪಸ್ ಬರೋಕಾಗಲ್ಲ" ಅಂದ. ಅಡುಗೆಮನೆಯಲ್ಲಿ ಬ್ಯಾಗ್ ಹೆಗಲ ಮೇಲೇ ಇಟ್ಟುಕೊಂಡು ಲ್ಯಾಪ್‌ಟಾಪಿನಲ್ಲಿ ಬಿಗೆ ಅರ್ಜಿ ಹಾಕಿದೆ. ಅಪ್ಪ ಕಳಿಸಿದ ಆಸ್ಪತ್ರೆ ಚೀಟಿಯ ಫೋಟೋ ಜೊತೆಗೆ ಸೇರಿಸಿದೆ. ಮೂರನೇ ದಿನ ಸಿಕ್ಕಿತು. ಮಣ್ಣಿಗೆ ಹೋಗಲು ಆಗಲಿಲ್ಲ. ಐದನೇ ದಿನಕ್ಕೆ ಮನೆ ಸೇರಿದೆ.

ಅಜ್ಜಿಯನ್ನು ಕೊನೆಯ ಸಲ ನೋಡಲಾಗಲಿಲ್ಲ ಎನ್ನುವ ನೋವು ಇವತ್ತಿಗೂ ಇದೆ. ಆದರೆ ಅಲ್ಲಿ ಆ ಮೂರು ದಿನ ಕಾಯ್ದಿದ್ದಕ್ಕೇ ನಾನು ಇವತ್ತು ಇಲ್ಲಿದ್ದೇನೆ.

ಗಂಗಾವತಿ ಅಕ್ಕಿ ಅಂಗಡಿ · ಜನವರಿ 12

ತಮ್ಮಾ, ಓದಿ ಕಣ್ಣಲ್ಲಿ ನೀರು ಬಂತು. ಇಂಗ್ಲೆಂಡಿನಲ್ಲೂ ಆ ಬಿ ಥರದ್ದು ಏನಾದರೂ ಇದೆಯಾ?

ಲೀಡ್ಸ್‌ನಲ್ಲಿರುವ ಲಿಂಗಸುಗೂರಿನವಳು · ಜನವರಿ 12

ಇಲ್ಲ ಕಾಕಾ. ಇಲ್ಲಿ ಕಾಯುವುದೊಂದೇ ದಾರಿ. ಗ್ರಾಜುಯೇಟ್ ವೀಸಾಕ್ಕೆ ಸಾಮಾನ್ಯವಾಗಿ 8 ವಾರದೊಳಗೆ ಉತ್ತರ ಬರುತ್ತದೆ. ಡಿಸೆಂಬರ್ 19ರಿಂದ 8 ವಾರ ಅಂದರೆ ಫೆಬ್ರುವರಿ 13. ಮದುವೆಗೆ ಮೊದಲೇ ಬಂದರೂ ಬರಬಹುದು. ಆದರೆ ಅದನ್ನೇ ನಂಬಿ ದುಡ್ಡು ವಾಪಸ್ ಬರದ ಟಿಕೆಟ್ ತೆಗೆಯಬೇಡಿ.

ಮುಂದೆ ಮಕ್ಕಳನ್ನು ಕಳಿಸುವವರಿಗೆ ಒಂದು ಮಾತು. ಸ್ಟೂಡೆಂಟ್ ವೀಸಾ ಇನ್ನೂ ಇರುವಾಗ, ಹೊಸ ಅರ್ಜಿ ಹಾಕುವ ಮೊದಲು, ಊರಿಗೆ ಬಂದು ಹೋಗುವುದಕ್ಕೆ ಈ ತೊಂದರೆ ಇಲ್ಲ. ಒಂದು ವರ್ಷ ಅಥವಾ ಜಾಸ್ತಿ ಇರುವ ಕೋರ್ಸಿಗೆ ಮುಗಿದ ಮೇಲೆ ನಾಲ್ಕು ತಿಂಗಳು ಸಿಗುತ್ತದೆ. ಮನೆಯ ಕಾರ್ಯ ಆ ನಾಲ್ಕು ತಿಂಗಳಿನಲ್ಲಿ ಇಟ್ಟುಕೊಂಡು, ವಾಪಸ್ ಹೋಗಿ, ವೀಸಾ ಮುಗಿಯುವ ಮೊದಲು ಅರ್ಜಿ ಹಾಕಿದರೆ ಎರಡೂ ಆಗುತ್ತದೆ. ಕೋರ್ಸ್ ಮುಗಿಸಿದ್ದಾಳೆ ಅಂತ ಯೂನಿವರ್ಸಿಟಿಯವರು ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಹೋಮ್ ಆಫೀಸಿಗೆ ತಿಳಿಸಿದ ಮೇಲೇ ಗ್ರಾಜುಯೇಟ್ ವೀಸಾಕ್ಕೆ ಹಾಕಲು ಬರುವುದು. ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಮುಹೂರ್ತ ತೆಗೆಸಲು ಹೋಗುವಾಗ ವೀಸಾದ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಸಿಂಧನೂರು ಟು ಬ್ರಾಂಪ್ಟನ್ · ಜನವರಿ 13

ಏಜೆಂಟರ ಮಾತು ಬಂದಿದ್ದಕ್ಕೆ ನನ್ನ ಕಥೆ ಹೇಳಲೇಬೇಕು. ಕೆನಡಾದಲ್ಲಿ ನನ್ನ ವರ್ಕ್ ಪರ್ಮಿಟ್ ಮುಗಿಯುವುದರಲ್ಲಿತ್ತು. ಅರ್ಜಿ ಹಾಕಿಕೊಡಲು ಒಬ್ಬರಿಗೆ ದುಡ್ಡು ಕೊಟ್ಟಿದ್ದೆ. ಅವರು "ಅವಸರ ಬೇಡ, ಮುಗಿದ ಮೇಲೂ 90 ದಿನ ಇದೆ" ಅಂದರು. ನಾನು ನಂಬಿದೆ. ಪರ್ಮಿಟ್ ಮುಗಿದು ಐದು ದಿನದ ಮೇಲೆ ಅರ್ಜಿ ಹೋಯಿತು.

90 ದಿನ ಇರುವುದು ನಿಜ. ಆದರೆ ಅದು ಕಳೆದುಕೊಂಡ ಸ್ಟೇಟಸ್ ಮತ್ತೆ ಕೊಡಿ ಅಂತ ಕೇಳಿಕೊಳ್ಳುವುದಕ್ಕೆ. ರೆಸ್ಟೋರೇಷನ್ ಅನ್ನುತ್ತಾರೆ. ಅದರ ಉತ್ತರ ಬರುವವರೆಗೆ ಕೆಲಸ ಮಾಡುವಂತಿಲ್ಲ. ಐದು ದಿನ ಮೊದಲೇ ಹಾಕಿದ್ದರೆ ಮೇಂಟೇನ್ಡ್ ಸ್ಟೇಟಸ್ ಸಿಗುತ್ತಿತ್ತು. ಮೊದಲು ಅದಕ್ಕೆ ಇಂಪ್ಲೈಡ್ ಸ್ಟೇಟಸ್ ಅನ್ನುತ್ತಿದ್ದರು. ಹಳೆಯ ಪರ್ಮಿಟ್‌ನ ಷರತ್ತಿನಲ್ಲೇ ಕೆಲಸ ಮುಂದುವರಿಸಬಹುದಿತ್ತು. ಆ ಐದು ದಿನಕ್ಕೆ ನಾಲ್ಕು ತಿಂಗಳು ಸಂಬಳ ಇಲ್ಲದೆ ಕೂತೆ. ಊರಲ್ಲಿ ಅಪ್ಪ ಭತ್ತ ಮಾರಿದ ದುಡ್ಡು ಕಳಿಸಿದರು. ಅದರಲ್ಲೇ ರೂಮಿನ ಬಾಡಿಗೆ ಕಟ್ಟಿದೆ.

ನಾನು ಈಗ ಹುಡುಗರಿಗೆ ಹೀಗೆ ಹೇಳುತ್ತೇನೆ. ನಾವು ಹಳ್ಳಿಯಿಂದ ಸಿಂಧನೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಜೂನ್‌ನಲ್ಲಿ ಹೊಸ ಪಾಸ್ ಬರುವುದು ತಡ ಆಗುತ್ತಿತ್ತು. ಹಳೆಯ ಪಾಸ್ ಮತ್ತು ಕಾಲೇಜು ಫೀಸಿನ ರಶೀದಿ ತೋರಿಸಿದರೆ ಕಂಡಕ್ಟರ್ ಹತ್ತಿಸಿಕೊಳ್ಳುತ್ತಿದ್ದರು. ಆದರೆ ಪಾಸಿನಲ್ಲಿದ್ದ ದಾರಿಗೆ ಮಾತ್ರ. ಅದೇ ಪಾಸ್ ಹಿಡಿದು ರಾಯಚೂರಿಗೆ ಹೋಗಲು ಬರುತ್ತಿರಲಿಲ್ಲ. ರಶೀದಿ ಇಲ್ಲದವನು ಟಿಕೆಟ್ ತೆಗೆಯಬೇಕಿತ್ತು. ವೀಸಾದ ಈ ಮಧ್ಯದ ಕಾಲವೂ ಹಾಗೇ.

ನಿವೃತ್ತ ಮೇಷ್ಟ್ರು, ರಾಯಚೂರು · ಜನವರಿ 14

ಮಗಳ ಬಾಣಂತನಕ್ಕೆ ನಾವು ಗಂಡ ಹೆಂಡತಿ ಅಮೆರಿಕಕ್ಕೆ ಹೋಗಿದ್ದೆವು. ವೀಸಾ 10 ವರ್ಷದ್ದು. ಹಾಗಾಗಿ ಎಷ್ಟು ದಿನ ಬೇಕಾದರೂ ಇರಬಹುದು ಅಂದುಕೊಂಡಿದ್ದೆ. ತಪ್ಪು. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಬಾಗಿಲು ತಟ್ಟುವುದಕ್ಕೆ. ಒಳಗೆ ಎಷ್ಟು ದಿನ ಇರಬಹುದು ಅಂತ ಹೇಳುವುದು ಐ-94 ಎನ್ನುವ ಪ್ರವೇಶದ ದಾಖಲೆ. ನಮಗೆ ಅದರಲ್ಲಿ ಇದ್ದದ್ದು ಆರು ತಿಂಗಳು.

ಹೊರಡಲು ಮೂರು ವಾರ ಇರುವಾಗ ನಮ್ಮ ಮನೆಯವರು ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ವಿಮಾನದಲ್ಲಿ ಅಷ್ಟು ಹೊತ್ತು ಕೂರುವ ಹಾಗಿರಲಿಲ್ಲ. ಐ-94 ತಾರೀಖು ಮುಗಿಯುವ ಮೊದಲೇ ಅಳಿಯಂದಿರು ಇನ್ನಷ್ಟು ದಿನ ಇರಲು ಕೇಳುವ ಐ-539 ಫಾರ್ಮ್ ತುಂಬಿದರು. ಡಾಕ್ಟರ ಪತ್ರ ಲಗತ್ತಿಸಿದರು. ಸಮಯಕ್ಕೆ ಹಾಕಿದ ಅರ್ಜಿ ಬಾಕಿ ಇರುವಷ್ಟು ದಿನ ಅಕ್ರಮ ವಾಸದ ಲೆಕ್ಕ ಶುರುವಾಗುವುದಿಲ್ಲ. ಅರ್ಜಿಯನ್ನೇ ಹಾಕದೆ ಸುಮ್ನೆ ಕೂತಿದ್ದರೆ? ಅಲ್ಲಿ 180 ದಿನಕ್ಕಿಂತ ಜಾಸ್ತಿ ಅಕ್ರಮವಾಗಿ ಇದ್ದು ಹೊರಟರೆ 3 ವರ್ಷ ಒಳಗೆ ಬಿಡುವುದಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 10 ವರ್ಷ. ಮೊಮ್ಮಗುವಿನ ಹತ್ತು ವರ್ಷ!

ಉತ್ತರ ಬರುವ ಮೊದಲೇ ಅವರಿಗೆ ಗುಣವಾಯಿತು, ನಾವು ಹೊರಟು ಬಂದೆವು. ಆ ಅರ್ಜಿಯ ರಶೀದಿ, ಡಾಕ್ಟರ ಪತ್ರ, ಬೋರ್ಡಿಂಗ್ ಪಾಸ್ ಮೂರನ್ನೂ ನಮ್ಮ ಹೊಲದ ಪಹಣಿ ಇರುವ ಫೈಲಿನಲ್ಲೇ ಇಟ್ಟಿದ್ದೇನೆ. ಮುಂದಿನ ಸಲ ಅಲ್ಲಿನ ಅಧಿಕಾರಿ ಕೇಳಿದರೆ ತೋರಿಸಬೇಕಲ್ವಾ.

ಕೌಲ್‌ಬಜಾರ್ ಹುಡುಗ · ಜನವರಿ 14

ಮೇಷ್ಟ್ರೇ, ನೀವು ಬಾಣಂತನ ಅಂದಿದ್ದಕ್ಕೆ ನೆನಪಾಯಿತು. ಆಸ್ಟ್ರೇಲಿಯಾಕ್ಕೆ ಬರುವ ಅಪ್ಪ ಅಮ್ಮಂದಿರು ವೀಸಾ ಪತ್ರದಲ್ಲಿ 8503 ಅಂತ ಸಂಖ್ಯೆ ಇದೆಯಾ ನೋಡಿಕೊಳ್ಳಿ. ಅದಿದ್ದರೆ ಇಲ್ಲಿದ್ದುಕೊಂಡು ಇನ್ನೂ ಸ್ವಲ್ಪ ದಿನ ಇರುತ್ತೇವೆ ಅಂತ ಇನ್ನೊಂದು ವೀಸಾ ಕೇಳಲು ಸಾಮಾನ್ಯವಾಗಿ ಬರುವುದಿಲ್ಲ. ಬಹಳ ಜನ ಆ ಪತ್ರದ ಎರಡನೇ ಪುಟ ಓದುವುದೇ ಇಲ್ಲ.

ಆನೆಗೊಂದಿ ಹೊಳೆ ದಂಡೆ · ಜನವರಿ 15

ನಾನು ಎಲ್ಲೂ ಹೋದವನಲ್ಲ. ಆದರೆ ಬೇರೆ ದೇಶದವರು ನಮ್ಮ ಮನೆಗೆ ಬರುತ್ತಾರೆ. ಆನೆಗೊಂದಿಯಲ್ಲಿ ಹೋಂಸ್ಟೇ ನಡೆಸುತ್ತೇನೆ. ಆ ಕಡೆಯಿಂದ ನೋಡಿದರೆ ಹೇಗಿರುತ್ತದೆ ಅಂತ ಹೇಳುತ್ತೇನೆ.

ವಿದೇಶದವರು ಬಂದು ಇಳಿದರೆ 24 ಗಂಟೆಯೊಳಗೆ ಫಾರ್ಮ್ III (ಮೊದಲು ಫಾರ್ಮ್ ಸಿ ಅನ್ನುತ್ತಿದ್ದರು) ಆನ್‌ಲೈನಿನಲ್ಲಿ ತುಂಬಬೇಕು. ಪಾಸ್‌ಪೋರ್ಟ್, ವೀಸಾ ಎರಡರ ವಿವರವನ್ನೂ ಕೊಡಬೇಕು. ಹೀಗಾಗಿ ಯಾರ ವೀಸಾ ಯಾವತ್ತು ಮುಗಿಯುತ್ತದೆ ಅಂತ ನನಗೆ ಗೊತ್ತಿರುತ್ತದೆ. ಹೋದ ವರ್ಷ ಒಬ್ಬ ಹುಡುಗ ಸಾಣಾಪುರದ ಬಂಡೆ ಹತ್ತಲು ಹೋಗಿ ಬಿದ್ದು ಕಾಲು ಮುರಿದುಕೊಂಡ. ಮಂಡಿಯವರೆಗೆ ಪ್ಲಾಸ್ಟರ್. ವೀಸಾ ಮುಗಿಯಲು ಒಂಬತ್ತು ದಿನ ಇತ್ತು. ಟೂರಿಸ್ಟ್ ವೀಸಾ ಸುಮ್ನೆ ಕೇಳಿದರೆ ಮುಂದುವರಿಸುವುದಿಲ್ಲ. ಇಂಥ ಆಪತ್ತು ಇದ್ದರೆ ಕೇಳಬಹುದು.

ನಮ್ಮ ಜಗಲಿ ಮೇಲೆ ಅವನ ಕಾಲನ್ನು ಸ್ಟೂಲಿನ ಮೇಲೆ ಇಟ್ಟು, ನನ್ನ ಮಗಳು ವಿದೇಶಿಯರ ವೀಸಾ ಕೆಲಸದ ಸರ್ಕಾರಿ ಜಾಲತಾಣವಾದ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಕೊಟ್ಟಳು. ಎಕ್ಸ್‌ರೇ ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ಫೋಟೋ ತೆಗೆದೆವು. ಆಮೇಲೆ ಕೊಪ್ಪಳದ ಎಸ್‌ಪಿ ಆಫೀಸಿಗೂ ಕರೆದುಕೊಂಡು ಹೋದೆ. ನಮ್ಮಂಥ ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಎಸ್‌ಪಿಯವರೇ. ಅಲ್ಲಿ ಬೆಂಚಿನ ಮೇಲೆ ಕೂತಾಗ ಅವನ ಕೈ ನಡುಗುತ್ತಿತ್ತು. ಅವನಿಗೆ ಭಾಷೆ ಗೊತ್ತಿಲ್ಲ, ಯಾರು ಏನು ಹೇಳುತ್ತಿದ್ದಾರೆ ತಿಳಿಯಲ್ಲ. ಅವನ ವಯಸ್ಸಿನ ನಮ್ಮ ಮಕ್ಕಳು ಬೇರೆ ದೇಶದ ಆಫೀಸಿನಲ್ಲಿ ಹೀಗೇ ಕೂತಿರುತ್ತಾರಲ್ಲ ಅನಿಸಿತು. ಮುಗಿಯುವ ತಾರೀಖಿಗೆ ಎರಡು ದಿನ ಮೊದಲು ಮಂಜೂರಾಯಿತು.

2025ರ ಸೆಪ್ಟೆಂಬರ್ 1ರಿಂದ ನಮ್ಮಲ್ಲೂ ಹೊಸ ಕಾನೂನು ಬಂದಿದೆ. 1946ರ ವಿದೇಶಿಯರ ಕಾಯ್ದೆ ಹೋಗಿ ಇಮಿಗ್ರೇಷನ್ ಆ್ಯಂಡ್ ಫಾರಿನರ್ಸ್ ಆಕ್ಟ್ ಜಾರಿಯಲ್ಲಿದೆ. ಹೋಂಸ್ಟೇ ಇಟ್ಟವರು ಫಾರ್ಮ್ III ಮರೆಯಬೇಡಿ.

ಗಂಗಾವತಿ ಅಕ್ಕಿ ಅಂಗಡಿ · ಜನವರಿ 15

ಎಲ್ಲರೂ ಇಷ್ಟು ಕಳಕಳಿಯಿಂದ ಬರೆದಿದ್ದೀರಿ. ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಓದಿ ಹೇಳಿದೆ. ಉತ್ತರ ಬರದಿದ್ದರೆ ಮಗಳು ಬರುವುದಿಲ್ಲ ಅಂತ ತೀರ್ಮಾನ ಮಾಡಿದ್ದೇವೆ. ಮಗ ಮದುವೆಯನ್ನೇ ಮುಂದೆ ಹಾಕೋಣ ಅಂದ. ಹುಡುಗಿ ಕಡೆಯವರು ಕಾರ್ಡ್ ಹಂಚಿಯಾಗಿದೆ. ಅವರಿಗೆ ತೊಂದರೆ ಕೊಡುವುದು ಸರಿಯಲ್ಲ ಅಂತ ಮಗಳೇ ಬೇಡ ಅಂದಳು.

ಗಂಗಾವತಿ ಅಕ್ಕಿ ಅಂಗಡಿ · ಜನವರಿ 28

ಹೊಸ ತೊಂದರೆ ಬಂದಿದೆ. ಮಗಳು ಒಂದು ಕೆಫೆಯಲ್ಲಿ ಕೆಲಸ ಮಾಡುತ್ತಾಳೆ. ನಿನ್ನೆ ಮಾಲೀಕರು "ನಿನ್ನ ವೀಸಾ 26ಕ್ಕೆ ಮುಗಿದಿದೆ ಅಂತ ನಮ್ಮ ಫೈಲಿನಲ್ಲಿದೆ, ನಾಳೆಯಿಂದ ಬರಬೇಡ" ಅಂದರಂತೆ. 3ಸಿ ಅಂತ ಹೇಳಿದರೆ ಅವರಿಗೆ ಅರ್ಥ ಆಗುತ್ತಿಲ್ಲ. ರೂಮಿನಲ್ಲಿ ಅಳುತ್ತಾ ಕೂತಿದ್ದಾಳೆ.

ಲೀಡ್ಸ್‌ನಲ್ಲಿರುವ ಲಿಂಗಸುಗೂರಿನವಳು · ಜನವರಿ 28

ಕಾಕಾ, ಗಾಬರಿ ಬೇಡ. ನನಗೂ ಹೀಗೇ ಆಗಿತ್ತು. ಮಾಲೀಕರು ಕೆಟ್ಟವರಲ್ಲ, ಅವರಿಗೂ ಭಯ ಇರುತ್ತದೆ. ಅನುಮತಿ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಅವರಿಗೆ ದೊಡ್ಡ ದಂಡ ಬೀಳುತ್ತದೆ.

ಹೋಮ್ ಆಫೀಸಿನವರದ್ದೇ ಎಂಪ್ಲಾಯರ್ ಚೆಕಿಂಗ್ ಸರ್ವಿಸ್ ಅಂತ ಇದೆ. ಮಾಲೀಕರು ಅದರಲ್ಲಿ ಅವಳ ವಿವರ ಹಾಕಿ ಕೇಳಬೇಕು. ಅರ್ಜಿ ಸಮಯಕ್ಕೆ ಹಾಕಿದ್ದು ಸರಿ ಇದ್ದರೆ ಅವಳಿಗೆ ಕೆಲಸ ಮಾಡುವ ಹಕ್ಕಿದೆ ಅಂತ ಹೇಳುವ ಪಾಸಿಟಿವ್ ವೆರಿಫಿಕೇಷನ್ ನೋಟಿಸ್ ಕೊಡುತ್ತಾರೆ. ಅದು ಕೈಗೆ ಬಂದರೆ ಮಾಲೀಕರಿಗೆ 6 ತಿಂಗಳು ರಕ್ಷಣೆ. ಅರ್ಜಿ ಹಾಕಿದ ದಿನ ಬಂದ ಇಮೇಲ್, ದುಡ್ಡು ಕಟ್ಟಿದ ರಶೀದಿ, ಅರ್ಜಿ ನಂಬರ್ ಮೂರನ್ನೂ ಪ್ರಿಂಟ್ ತೆಗೆದುಕೊಂಡು ಹೋಗಲಿ. ಫೋನಿನಲ್ಲಿ ತೋರಿಸುವುದಕ್ಕಿಂತ ಕಾಗದ ಕೈಯಲ್ಲಿ ಕೊಟ್ಟರೆ ಜನ ಕೂತು ಓದುತ್ತಾರೆ.

ಅವಳ ನಂಬರ್ ನನಗೆ ಖಾಸಗಿಯಾಗಿ ಕಳಿಸಿ. ಶನಿವಾರ ನಾನೇ ಶೆಫೀಲ್ಡ್‌ಗೆ ಹೋಗಿ ಜೊತೆಗಿರುತ್ತೇನೆ. ರೈಲಿನಲ್ಲಿ ಹತ್ತಿರವೇ.

ಗಂಗಾವತಿ ಅಕ್ಕಿ ಅಂಗಡಿ · ಫೆಬ್ರುವರಿ 5

ನೋಟಿಸ್ ಬಂತು. ಇವತ್ತು ಕೆಲಸಕ್ಕೆ ಹೋಗಿದ್ದಾಳೆ. ಲಿಂಗಸುಗೂರಿನ ತಂಗಿಗೆ ಏನು ಹೇಳಲಿ, ಗೊತ್ತಾಗುತ್ತಿಲ್ಲ. ಗುರುತಿಲ್ಲದ ಊರಿನಲ್ಲಿ ನನ್ನ ಮಗಳ ಜೊತೆ ಹೋಗಿ ನಿಂತೆಯಲ್ಲಮ್ಮಾ. ವೀಸಾ ಉತ್ತರ ಇನ್ನೂ ಇಲ್ಲ.

ಗಂಗಾವತಿ ಅಕ್ಕಿ ಅಂಗಡಿ · ಫೆಬ್ರುವರಿ 9

ಮದುವೆ ಚೆನ್ನಾಗಿ ಆಯಿತು. ಮುಹೂರ್ತ ಬೆಳಿಗ್ಗೆ 9.40ಕ್ಕೆ. ಅಲ್ಲಿ ಆಗ 4.10. ಮಗಳು ಸೀರೆ ಉಟ್ಟು, ಹೂವು ಸಿಗಲಿಲ್ಲ ಅಂತ ಬರೀ ಜಡೆ ಹೆಣೆದುಕೊಂಡು ಫೋನಿನ ಮುಂದೆ ಕೂತಿದ್ದಳು. ನಮ್ಮ ತಮ್ಮನ ಮಗ ಫೋನ್ ಎತ್ತಿ ಹಿಡಿದಿದ್ದ. ಅಕ್ಷತೆ ಹಾಕುವಾಗ ಮಗ ಒಂದು ಹಿಡಿ ತೆಗೆದು ಆ ಫೋನಿನ ಮೇಲೆ ಹಾಕಿದ. ಅವಳ ರೂಮಿನ ಕಿಟಕಿ ಹೊರಗೆ ಇನ್ನೂ ಕತ್ತಲೆ ಇತ್ತು.

ಸೊಸೆ ಮನೆ ತುಂಬುವಾಗ ನಮ್ಮಲ್ಲಿ ತಂಗಿ ಬಾಗಿಲು ತಡೆಯಬೇಕು. ಬೇರೆ ಯಾರಾದರೂ ತಡೆಯಲಿ ಅಂದರು. ಮಗ ಒಪ್ಪಲಿಲ್ಲ. "ಅವಳು ಬಂದಾಗ ತಡೀತಾಳೆ" ಅಂದ.

ಗಂಗಾವತಿ ಅಕ್ಕಿ ಅಂಗಡಿ · ಫೆಬ್ರುವರಿ 12

ವೀಸಾ ಮಂಜೂರು! ಮದುವೆಯಾಗಿ ನಾಲ್ಕೇ ದಿನ.

ಲೀಡ್ಸ್‌ನಲ್ಲಿರುವ ಲಿಂಗಸುಗೂರಿನವಳು · ಫೆಬ್ರುವರಿ 12

ಕಾಕಾ, ಇಲ್ಲಿ ಆಫೀಸಿನಲ್ಲಿ ಎದ್ದು ನಿಂತುಬಿಟ್ಟೆ. ಈಗ ಊರಿಗೆ ಬಂದು ಹೋಗಲು ಅಡ್ಡಿ ಇಲ್ಲ. ಟಿಕೆಟ್ ಮಾಡುವ ಮೊದಲು ಅವಳ ಈ-ವೀಸಾ ಇರುವ ಯುಕೆವಿಐ ಅಕೌಂಟಿನಲ್ಲಿ ಈಗಿನ ಪಾಸ್‌ಪೋರ್ಟ್ ಜೋಡಿಸಿದೆಯಾ, ಹೊಸ ತಾರೀಖು ಕಾಣುತ್ತಿದೆಯಾ ಅಂತ ಒಮ್ಮೆ ನೋಡಲಿ.

ಗಂಗಾವತಿ ಅಕ್ಕಿ ಅಂಗಡಿ · ಮಾರ್ಚ್ 18

ಇವತ್ತು ಬೆಳಿಗ್ಗೆ ಹಂಪಿ ಎಕ್ಸ್‌ಪ್ರೆಸ್‌ಗೆ ಹೊಸಪೇಟೆಯಲ್ಲಿ ಇಳಿದಳು. ಯುಗಾದಿಗೆ ಮಗಳು ಮನೆಯಲ್ಲಿದ್ದಾಳೆ. ಸೊಸೆ ತವರಿಗೆ ಹೋಗಿದ್ದಳು. ಮಗ ಮಧ್ಯಾಹ್ನ ಕಾರಟಗಿಗೆ ಹೋಗಿ ಕರೆದುಕೊಂಡು ಬಂದ. ಇಬ್ಬರೂ ಹೊಸ್ತಿಲ ಹತ್ತಿರ ಬಂದಾಗ ಮಗಳು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. "ಹೆಸರು ಹೇಳಿದರೆ ಒಳಗೆ" ಅಂದಳು. ಸೊಸೆ ತಲೆ ತಗ್ಗಿಸಿ ಗಂಡನ ಹೆಸರು ಹೇಳಿದಳು. ನಿನ್ನ ಮಗಳನ್ನು ನನ್ನ ಮಗನಿಗೆ ಕೊಡುತ್ತೀಯಾ ಅಂತ ಅಣ್ಣನನ್ನು ಕೇಳಿದಳು. ಅವನು ಹೂಂ ಅಂದ. ಆಮೇಲೆ ಬಾಗಿಲು ಬಿಟ್ಟಳು.